ಯಜಮಾನರ ಉಸಿರು

ಗಂಡ ಸತ್ತರೆ ಅವನಲ್ಲಿ ಉಳಿದ ಉಸಿರು ಹೆಂಡತಿಯ ಎದೆಗೆ ಬರುವುದು ಎಲ್ಲರಿಗೂ ಗೊತ್ತು. ನಮ್ಮ ಯಜಮಾನರು ಧಾರವಾಡದಿಂದ ದಿಲ್ಲಿಗೆ ಓಡಿ, ಚಹಾ ಆರುವ ಮೊದಲೇ ತಿರುಗಿ ಬರುತ್ತಿದ್ದವರು. ನನಗೆ ಮೂಟೆಗಟ್ಟಲೆ ಉಸಿರು ಬಂತು.

ಅದನ್ನು ಹೇಗೆ ಬಳಸಬೇಕೆಂದು ಆಸ್ಪತ್ರೆಯಲ್ಲಿ ಇಬ್ಬರು ಓಟದ ಡಾಕ್ಟರು ಜಗಳಕ್ಕೆ ಬಿದ್ದರು.

“ಮಾತಾಡಕೋತ ಓಡೂವಷ್ಟು ಸಾವಕಾಶ ಓಡ್ರಿ, ಅಜ್ಜಿ. ಜೋರ ಓಡಿದ್ರ ಲಗೂನ ತೀರತೈತಿ,” ಎಂದರು ದೊಡ್ಡ ಡಾಕ್ಟರು.

“ಹಂಗ ಓಡಿದ್ರ ಉಸಿರಿಗೆ ಜಂಗು ಹಿಡಿತೈತ್ರಿ. ದಿಬ್ಬ ಹತ್ತಿ ಓಡಬೇಕು,” ಎಂದಳು ಚಿಕ್ಕ ಡಾಕ್ಟರಮ್ಮ.

“ನೀವು ಒಮ್ಮೆರ ಓಡೀರೇನು?” ಎಂದೆ. ಇಬ್ಬರೂ ತಮ್ಮ ತಮ್ಮ ಹೊಟ್ಟೆ ನೋಡಿಕೊಂಡರು.

ಸಾವಕಾಶ ಓಡಿದೆ. ಏನೂ ಕೇಳಿಸಲಿಲ್ಲ. ದಿಬ್ಬ ಹತ್ತಿ ಓಡಿದಾಗ, ಯಜಮಾನರು ಓಡುವಾಗ ಊದುತ್ತಿದ್ದ ಸಣ್ಣ ಸೀಟಿ ನನ್ನ ಬಾಯಿಂದ ಬಂತು. ಆಮೇಲೆ ದಿನವೂ ದಿಬ್ಬವೇ.

“ತೀರಿ ಹೋಗತೈತಿ, ಅಜ್ಜಿ!” ದೊಡ್ಡ ಡಾಕ್ಟರು ಬೈದರು.

“ಡಬ್ಬ್ಯಾಗ ಮುಚ್ಚಿಟ್ಟು ಉಪ್ಪಿನಕಾಯಿ ಹಾಕಲೇನು?”

ನಿನ್ನೆ ದಿಬ್ಬದ ತುದಿಯಲ್ಲಿ, ಯಜಮಾನರದು ಒಂದೇ ಉಸಿರು ಉಳಿದದ್ದು ತಿಳಿಯಿತು. ಹೆಂಡತಿ ಗಂಡನ ಹೆಸರು ಹೇಳಬಾರದೆಂದು ನಾನು ಅವರ ಹೆಸರನ್ನು ಒಮ್ಮೆಯೂ ಬಾಯಿಗೆ ತಂದವಳಲ್ಲ.

“ಸಂಗನಬಸಪ್ಪಾ!” ಎಂದು ಕೂಗಿದೆ.

ಹೆಸರಿನುದ್ದಕ್ಕೂ ಸೀಟಿ ಇತ್ತು. ಇಳಿಯುವಾಗ ಏದುಸಿರು ಬಂತು. ಅದು ಬರೀ ನನ್ನದು.