ಹಣೆಯ ಭಂಡಾರ

ಅರಿಷಿಣದ ಭಂಡಾರದ ವಾಸನೆ ಬಂದರೆ ಇಂದಿಗೂ ನನ್ನ ಹಣೆ ತಾನಾಗಿ ಮುಂದಕ್ಕೆ ಬಾಗುತ್ತದೆ.

ಉಗರಗೋಳದಲ್ಲಿ ನಮ್ಮದು ಭಂಡಾರದ ಅಂಗಡಿ; ದೇವಿಗೆ ಏರಿಸುವ ಅರಿಷಿಣ ಪುಡಿ ಮಾರುತ್ತಿದ್ದೆವು. ನನ್ನ ಹಣೆಯ ತೊನ್ನಿನ ಬಿಳಿ ಕಲೆ ಕಾಣಬಾರದೆಂದು ಅವ್ವ ದಿನಾ ಹೆಬ್ಬೆರಳಿನಿಂದ ಭಂಡಾರ ಒತ್ತಿ ಸಾಲಿಗೆ ಕಳಿಸುತ್ತಿದ್ದಳು. ಆದರೂ ಎಲ್ಲರಿಗೂ ಗೊತ್ತಿತ್ತು. ಆಟದಲ್ಲೂ ಯಾರೂ ನನ್ನ ಕೈ ಹಿಡಿಯುತ್ತಿರಲಿಲ್ಲ; ನನ್ನನ್ನು ಮುಟ್ಟುತ್ತಿದ್ದುದು ಅವ್ವನ ಆ ಹೆಬ್ಬೆರಳೊಂದೇ.

ಬೆಳಗಾವಿಯ ಡಾಕ್ಟರು ನನ್ನ ತೊಡೆಯ ಚರ್ಮ ತೆಗೆದು ಕಲೆಯ ಮೇಲೆ ಕೂಡಿಸಿದರು. ಆಮೇಲೆ ಅದಕ್ಕೆ ಬಣ್ಣ ಬರಲೆಂದು ತಿಂಗಳುಗಟ್ಟಲೆ ಹಣೆ ತೊಳೆದು, ಕರಿ ಕನ್ನಡಕ ಹಾಕಿ, ಆಸ್ಪತ್ರೆಯ ನೀಲಿ ದೀಪಗಳ ಪೆಟ್ಟಿಗೆಯೊಳಗೆ ಒಬ್ಬಳೇ ನಿಲ್ಲುತ್ತಿದ್ದೆ. ಹೊರಬಂದೊಡನೆ ಅವ್ವ ಮತ್ತೆ ಭಂಡಾರ ಹಚ್ಚುತ್ತಿದ್ದಳು.

ಕೊನೆಗೊಂದು ಮಧ್ಯಾಹ್ನ ಡಾಕ್ಟರು, “ಬಣ್ಣ ಪೂರಾ ಕೂಡೇತ್ರಿ, ಇನ್ನ ಬರೂದು ಬ್ಯಾಡ” ಅಂದರು. ನಾನು ಎಂದಿನಂತೆ ಅವ್ವನ ಮುಂದೆ ಹಣೆ ಒಡ್ಡಿದೆ.

“ಇನ್ನ್ಯಾಕ, ಹುಚ್ಚಿ?” ಅಂತ ಅವ್ವ ನಕ್ಕಳು. ಆಗಲೇ ಭಂಡಾರದಲ್ಲಿ ಅದ್ದಿದ್ದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು.