ಮನೆಯಲ್ಲಿ ಹೇಳಬೇಕಾದ ಒಂದು ನಿಜ

ಸತ್ಯದ ಕಥೆಗಳ ಪುಸ್ತಕವನ್ನು ಮನೆಗೆ ಒಯ್ದ ಮಗು, ಮುಚ್ಚಿಟ್ಟ ಒಂದು ನಿಜವನ್ನು ಮನೆಯವರ ಮುಂದೆ ಹೇಳಿಯೇ ಅದನ್ನು ವಾಪಸು ತರಬೇಕು. ಇದು ಮೇಷ್ಟ್ರು ಶಾಲೆಯಲ್ಲಿ ಹಾಕಿದ್ದ ಪದ್ಧತಿ. ಅವರಿಗೆ ಅದರ ಹೆಮ್ಮೆಯೂ ಇತ್ತು. ಈ ಸಲ ಒಯ್ದವಳು ನಾಲ್ಕನೇ ಕ್ಲಾಸಿನ ಸುಗುಣ. ಹದಿನೈದು ದಿನ ಅವಳ ಸುಳಿವಿಲ್ಲ. ಕೊನೆಗೆ ಪುಸ್ತಕ ತಂದವಳು ಅವಳ ತಾಯಿ.

“ಎಲ್ಲಿ ನಿನ್ನ ಮಗಳು? ನಿಜ ಹೇಳೋಕೆ ಹೆದರಿ ಅಟ್ಟ ಹತ್ತಿ ಕೂತಳಾ?” ಮೇಷ್ಟ್ರು ರೇಗಿದರು.

“ಅವತ್ತೇ ಹೇಳಿದ್ಲು ಸಾ, ಉಣ್ಣೋಕೆ ಕೂತಿದ್ದಾಗ. ಅವ್ರಕ್ಕ ಬೇರೆ ಜಾತಿ ಹುಡುಗನ್ನ ಮದ್ವೆ ಆಗ್ತಾಳಂತೆ ಅಂತ, ಅವ್ರಪ್ಪನ ಮುಂದೆ.”

ಮೇಷ್ಟ್ರ ದನಿ ತಗ್ಗಿತು. “ದೊಡ್ಡವಳು ಸೋದರತ್ತೆ ಮನೇಲಿದ್ದಾಳೆ ಅಂದನಲ್ಲ ನಿನ್ನ ಗಂಡ?”

“ಊರಿಗೆಲ್ಲ ಹಂಗೇ ಹೇಳವ್ರೆ. ಅವಳನ್ನ ಎಲ್ಲಿ ಹೂತ್ರು ಅಂತ ಚಿಕ್ಕವಳು ನೋಡವ್ಳೆ.”

ತಾಯಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

“ಆ ಹುಡುಗ ಕಂಪ್ಲೇಂಟ್ ಕೊಟ್ಟವ್ನೆ. ನಾಳೆ ಪೊಲೀಸ್ನೋರು ಚಿಕ್ಕವಳನ್ನ ಕೇಳೋಕೆ ಬರ್ತಾರೆ. ಬಾಯಿಬಿಟ್ರೆ ಇವಳನ್ನೂ ಉಳಿಸಲ್ಲ ಅಂದವ್ರೆ ಅವ್ರಪ್ಪ. ಸುಳ್ಳು ಹೇಳೋದು ಕಲಿಸೋ ಪುಸ್ತಕ ಇದ್ರೆ ಕೊಡಿ ಸಾ.”