ಕೆಮ್ಮಿನ ಜಾಗ

ಸೆಕೆಯೆಂದು ಪರೀಕ್ಷೆಯ ಕೋಣೆಯ ಬಾಗಿಲನ್ನು ಅರ್ಧ ತೆರೆದೇ ಬಿಟ್ಟಿದ್ದರು. ಒಳಗೆ ಗುಲಾಮ್ ಸಖಿ ಫ್ರೆಂಚಿನಲ್ಲಿ ತನ್ನ ಪರಿಚಯ ಹೇಳಿಕೊಳ್ಳುತ್ತಿದ್ದ. ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ, ಅವನು ಕಳಚಿಕೊಟ್ಟ ಕೋಟನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೇಳುತ್ತಿದ್ದಳು. ಪಾಸಾದರೆ ಈ ಪರದೇಶದಲ್ಲಿ ಹತ್ತು ವರ್ಷದ ವಾಸದ ಕಾರ್ಡು. ಇಲ್ಲವಾದರೆ ಮತ್ತೆ ವರ್ಷವರ್ಷವೂ ಕಚೇರಿಯ ಸಾಲು, ಮತ್ತೆ ಅದೇ ಭಯ.

ಅರವತ್ತೆರಡನೇ ವಯಸ್ಸಿನಲ್ಲಿ ಕಲಿತ ಭಾಷೆ. ತನ್ನೂರು ಹೆರಾತಿನಲ್ಲಿ ಅಜ್ಜನ ಪಕ್ಕ ಕೂತು ಪದ್ಯ ಬಾಯಿಪಾಠ ಮಾಡಿದಂತೆಯೇ ಈ ಪರಿಚಯವನ್ನೂ ಮನೆಯಲ್ಲಿ ಮೈ ತೂಗುತ್ತಾ ರಾಗವಾಗಿ ಒಪ್ಪಿಸುತ್ತಿದ್ದ. ಅಕ್ಕಿ ಆರಿಸುತ್ತಾ ಕೇಳಿ ಕೇಳಿ ಆಕೆಗೂ ಅಷ್ಟೂ ಬಂದಿತ್ತು. ‘ನನ್ನ ಹೆಂಡತಿಯ ಹೆಸರು’ ಎಂಬಲ್ಲಿ ಮಾತ್ರ ಅವನಿಗೆ ತಪ್ಪದೆ ಒಂದು ಕೆಮ್ಮು. ಕೆಮ್ಮಿ ಮುಂದಿನ ಸಾಲಿಗೆ ಹೋಗುತ್ತಿದ್ದ. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ, ಮಗನ ಹೆಸರು ಹಿಡಿದು ‘ಹಶ್ಮತನ ತಾಯಿ’ ಎಂದಲ್ಲದೆ ಅವಳನ್ನು ಕರೆದವನಲ್ಲ. ಮನೆಯ ಹೆಂಗಸಿನ ಹೆಸರು ಪರರ ಕಿವಿಗೆ ಬೀಳಬಾರದು. ಅವರ ಮದುವೆಯ ಕರೆಯೋಲೆಯಲ್ಲೂ ಅದನ್ನು ಅಚ್ಚು ಹಾಕಿಸಿರಲಿಲ್ಲ.

“ಎಲ್ಲಿಗೆ ಬಂದ?” ಪಕ್ಕದಲ್ಲಿ ಜಪಮಣಿ ಎಣಿಸುತ್ತಿದ್ದ, ಅವರ ಊರಿನವರೇ ಆದ ಹಾಜಿ ಮುರಾದ್ ಕೇಳಿದರು.

“ಮಕ್ಕಳ ವಿಷಯ ಹೇಳ್ತಿದ್ದಾರೆ.”

“ಹಾಗಾದ್ರೆ ಮುಂದಿನದು ಹೆಂಡ್ತಿ. ನಂದು ಇದು ಮೂರನೇ ಸಲ ತಂಗೀ. ಹೋದ್ಸಲ ಒಳಗಿರೋ ಆಯಮ್ಮ ನಗ್‌ನಗ್ತಾ ಹೆಂಡ್ತಿ ಹೆಸರೇನು ಅಂದ್ರು. ಸಲಾಂ ಹೇಳಿ ಎದ್ದು ಬಂದೆ.”

“ಬೇರೆ ಯಾವ್ದಾದ್ರೂ ಹೆಸರು ಹೇಳಬಾರ್ದಿತ್ತೇ ಹಾಜಿ ಸಾಹೇಬ್ರೇ?”

“ಇನ್ನೊಬ್ಬಳ ಹೆಸರಾ? ಆಮೇಲೆ ನನ್ನವಳು ಒಳಗೆ ಸೇರಿಸ್ತಾಳಾ?”

ಆಕೆ ನಗಲಿಲ್ಲ. ಒಳಗೆ ಕೆಮ್ಮು ಕೇಳಿಸಿತು.

“ನಿಮ್ಮ ಹೆಂಡತಿ ಹೆಸರು?” ಪರೀಕ್ಷಕಿಯ ದನಿ.

“ನನ್ನ ಮಕ್ಕಳ ತಾಯಿ.”

“ಸರಿ, ಅವರ ಹೆಸರು?”

ಮತ್ತೆ ಕೆಮ್ಮು. ಪೆನ್ನು ಮೇಜಿಗೆ ಟಕಟಕ ಬಡಿಯಿತು. “ಪ್ರಶ್ನೆ ಅರ್ಥ ಆಗ್ಲಿಲ್ವಾ? ಹಾಗಿದ್ರೆ ಇಲ್ಲಿಗೇ ನಿಲ್ಸೋಣ.”

ಹೇಳಿಬಿಡಿ, ಎಂದು ಆಕೆಯ ತುಟಿ ಅಲ್ಲಾಡಿತು. ಮರುಗಳಿಗೆಗೇ, ಊರಿನ ಗಂಡಸು ಪಕ್ಕದಲ್ಲೇ ಕೂತಿದ್ದಾರಲ್ಲ ಎಂದು ಮುಖ ಕಾದುಹೋಯಿತು. ಜಪಮಣಿಯ ಸದ್ದು ನಿಂತಿತ್ತು. ಹಾಜಿ ಎದ್ದರು, ಮೊಗಸಾಲೆಯ ತುದಿಯ ಕಿಟಕಿಗೆ ಹೋಗಿ ಬೆನ್ನು ತಿರುಗಿಸಿ ನಿಂತರು.

“ನಾಜ್‌ಬೂ.”

“ಕೇಳಿಸ್ಲಿಲ್ಲ. ಇನ್ನೊಂದ್ಸಲ?”

“ನಾಜ್‌ಬೂ,” ಎಂದ ಗುಲಾಮ್ ಸಖಿ, ಪದ್ಯ ಒಪ್ಪಿಸುವ ದೊಡ್ಡ ದನಿಯಲ್ಲಿ. “ನನ್ನ ಹೆಂಡತಿಯ ಹೆಸರು ನಾಜ್‌ಬೂ.”

ಕೋಟು ನೆಲಕ್ಕೆ ಜಾರಿತು. ಹಶ್ಮತನ ತಾಯಿ ಎದ್ದು ನಿಂತು, ತಲೆವಸ್ತ್ರ ಸರಿಮಾಡಿಕೊಂಡು, ಅರೆತೆರೆದ ಬಾಗಿಲಿಗೆ “ಓ” ಎಂದಳು.